ಅಮ್ಮನಿಗೆ ಹೇಳಿದೆಯಾ, ಮಾಮ?

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಆ ಮನೆಯವರು ಒಂದು ಸುಳ್ಳನ್ನು ತಿಂಗಳುಗಟ್ಟಲೆ ಸಾಕಿದ್ದರು.

ಆವತ್ತು ಸಂಜೆ ಮನೆಯ ಸೊಸೆಯ ಗಂಡ ಕೆಲಸದಿಂದ ಬಂದು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಮಿಡತೆ ಓಡಿಬಂದು ಅವನ ಮೊಣಕಾಲು ಹಿಡಿದುಕೊಂಡಳು. ಏಳು ವರ್ಷದ ಹುಡುಗಿ. ಒಂದು ಕಡೆ ಕೂರುವ ಜಾಯಮಾನವಲ್ಲ, ಅದಕ್ಕೇ ಆ ಅಡ್ಡಹೆಸರು.

“ಮಾಮ, ಅಮ್ಮನಿಗೆ ಹೇಳಿದೆಯಾ, ನನ್ನ ಹಲ್ಲು ಬಿತ್ತು ಅಂತ?”

“ಹೇಳಿದೆ ಕಣೇ. ಫೋನಲ್ಲಿ ಹೇಳಿದೆ.”

“ಏನಂದ್ಲು?”

“ನಕ್ಕಳು. ಹೊಸ ಹಲ್ಲು ಬಂದ ಮೇಲೆ ಚೆನ್ನಾಗಿ ಉಜ್ಜಬೇಕಂತೆ.”

ಅಷ್ಟು ಹೇಳಿ ಅವನು ತಲೆ ಬಗ್ಗಿಸಿ ಬೂಟಿನ ದಾರದ ಜೊತೆ ಗುದ್ದಾಡತೊಡಗಿದ. ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವ ಕೈ ಅವನದು. ಈ ಪ್ರಶ್ನೆ ಬಂದಾಗ ಮಾತ್ರ ಅವನಿಗೆ ಬೂಟಿನ ಗಂಟು ಬಿಚ್ಚಲು ಬರುತ್ತಿರಲಿಲ್ಲ. ಒಳಗೆ ಆಲೂಗಡ್ಡೆ ಬೇಯಿಸುತ್ತಿದ್ದ ಅವನ ಹೆಂಡತಿ ಪಾತ್ರೆಯ ಮುಚ್ಚಳವನ್ನು ಬೇಕೆಂದೇ ಜೋರಾಗಿ ಮುಚ್ಚಿದಳು.

ಮಿಡತೆ ಅವನ ತಂಗಿಯ ಮಗಳು. ತಂಗಿ ಕಾಯಿಲೆ ಬಿದ್ದಾಗ ಮಗುವನ್ನು ಇಲ್ಲಿ ತಂದು ಬಿಟ್ಟು, ಅವಳನ್ನು ದೂರದ ಊರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿಂದ ಅವಳು ಹಿಂದಿರುಗಲಿಲ್ಲ. ಮಗುವಿನ ಅಪ್ಪ ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು. ಬಂದ, ಅತ್ತ, ರಜೆ ಮುಗಿಯಿತು, ಹೋದ. ಅವನು ಹೋಗುವ ಮುನ್ನ ಅಜ್ಜಿ ಎಲ್ಲರನ್ನೂ ಕೂರಿಸಿಕೊಂಡು, “ಮಗುವಿಗೆ ಯಾರೂ ಏನೂ ಹೇಳಕೂಡದು. ಅಮ್ಮ ಆಸ್ಪತ್ರೇಲಿದ್ದಾಳೆ, ವಾಸಿಯಾದ ಮೇಲೆ ಬರ್ತಾಳೆ, ಅಷ್ಟೆ” ಎಂದಿದ್ದಳು. ಎಲ್ಲರೂ ತಲೆಯಾಡಿಸಿದ್ದರು. ಸೊಸೆಯೂ ತಲೆಯಾಡಿಸಿದ್ದಳು.

ಅಜ್ಜಿಯೆಂದರೆ ಗಂಡನ ತಾಯಿ. ಮಗು ಬಂದ ಮೇಲೆ ‘ಅತ್ತೆ’ ಎಂಬ ಹೆಸರು ಮಗುವಿನ ಬಾಯಲ್ಲಿ ಸೊಸೆಗೆ ಹೋಯಿತು. ಮುದುಕಿ ಮನೆಮಂದಿಗೆಲ್ಲ ಅಜ್ಜಿಯಾದಳು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಹಾಕಿಕೊಂಡು ಅಂಗಡಿಗೆ ದಿಂಬಿನ ಚೀಲ ಹೊಲಿದುಕೊಡುತ್ತಿದ್ದ ಅವಳಿಗೆ ಕಣ್ಣು ಇನ್ನೂ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಸೊಸೆ ಆ ವರ್ಷ ಓದಲು ಸೇರಿದ್ದಳು. ಮಕ್ಕಳ ಸಾಹಿತ್ಯ, ಮಕ್ಕಳ ಲೈಬ್ರರಿ ನಡೆಸುವ ಬಗೆ, ಇದು ಅವಳ ಪಾಠ. ಬೆಳಿಗ್ಗೆ ತರಗತಿ; ಮಧ್ಯಾಹ್ನ ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಕೆಲಸ ಕಲಿಯುವುದು. ಪಾಸಾದರೆ ಅಲ್ಲೇ ಸಹಾಯಕಿಯ ಕೆಲಸ ಸಿಗಬಹುದೆಂಬ ಆಸೆ.

“ಮಕ್ಕಳಿಗೆ ಕಥೆ ಹೇಳೋಕೂ ಪರೀಕ್ಷೆನಾ?” ಎಂದು ಅಜ್ಜಿ ಮೊದಲ ದಿನವೇ ಕೇಳಿದ್ದಳು. “ನಾನು ಎರಡು ಮಕ್ಕಳನ್ನ ಕಥೆ ಹೇಳಿ ಹೇಳೇ ದೊಡ್ಡೋರು ಮಾಡಿದೆ. ನನಗೆ ಯಾವ ಪುಣ್ಯಾತ್ಮನೂ ಸರ್ಟಿಫಿಕೇಟ್ ಕೊಡ್ಲಿಲ್ಲ.” ಎರಡು ಮಕ್ಕಳು ಎಂದದ್ದೇ ತಡ, ಬಾಯಿ ಮುಚ್ಚಿ ಯಂತ್ರದ ಪೆಡಲು ತುಳಿಯತೊಡಗಿದ್ದಳು.

ತರಗತಿಯಲ್ಲಿ ಮೇಷ್ಟ್ರು ಒಂದು ದಿನ ಪ್ರಶ್ನೆ ಎತ್ತಿದರು: ಮಕ್ಕಳ ಪುಸ್ತಕದಲ್ಲಿ ಸಾವು ಬರಬಹುದೇ? ಕೆಲವರು ಕೂಡದು ಎಂದರು, ಕೆಲವರು ವಯಸ್ಸು ನೋಡಿಕೊಂಡು ಎಂದರು. ಸೊಸೆ ಎದ್ದು ನಿಂತಳು.

“ಮಕ್ಕಳು ಇರೋ ಮನೇಲಿ ಜನ ಸಾಯೋದೇ ಇಲ್ವಾ ಸರ್? ನಾವು ಅವರಿಂದ ಬಚ್ಚಿಟ್ಟರೆ ಅವರು ಒಬ್ಬೊಬ್ಬರೇ ಹೆದರ್ತಾರೆ, ಅಷ್ಟೆ. ಪುಸ್ತಕದಲ್ಲಿ ಓದಿದ್ರೆ ಜೊತೆಗೆ ಒಬ್ರು ಇದ್ದ ಹಾಗಾಗುತ್ತೆ.”

ಮೇಷ್ಟ್ರು ಮೆಚ್ಚಿದರು. ಹಿಂದಿನ ಬೆಂಚಿನವರು ಮೇಜು ಕುಟ್ಟಿದರು. ಆವತ್ತೇ ಮಧ್ಯಾಹ್ನ ಅವಳು ಲೈಬ್ರರಿಯಲ್ಲಿ ಮಿಡತೆಗೆಂದು ಪುಸ್ತಕ ಆರಿಸುತ್ತ, ಒಂದೊಂದನ್ನೂ ಕೊನೆಯ ಪುಟದವರೆಗೆ ತಿರುವಿ ನೋಡಿದಳು. ತಾಯಿ ಸತ್ತ ಕಥೆ ಬೇಡ. ತಾಯಿ ಕಳೆದುಹೋದ ಕಥೆ ಬೇಡ. ಆಸ್ಪತ್ರೆಯ ಚಿತ್ರವೂ ಬೇಡ. ಕೊನೆಗೆ ಉಳಿದದ್ದು ರೈಲಿನದೊಂದು, ಟೋಪಿ ಮಾರುವವನದೊಂದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ತನಗೆ ತಾನೇ ಬೈದುಕೊಳ್ಳುತ್ತ ಅವೆರಡನ್ನೇ ಚೀಲಕ್ಕೆ ಹಾಕಿಕೊಂಡಳು.

ಮಿಡತೆಗೆ ಅಕ್ಷರ ಕೂಡಿಸಲು ಹೇಳಿಕೊಡುತ್ತಿದ್ದವಳೂ ಅವಳೇ. ಊಟವಾದ ಮೇಲೆ ಇಬ್ಬರೂ ಅಡುಗೆಮನೆಯ ಮೇಜಿನ ಹತ್ತಿರ ಕೂರುತ್ತಿದ್ದರು. ಸೊಸೆ ಪಾತ್ರೆ ಒರೆಸುತ್ತ ಕೇಳುತ್ತಿದ್ದಳು, ಹುಡುಗಿ ಬೆರಳಿಟ್ಟು ಓದುತ್ತಿದ್ದಳು. ಒತ್ತಕ್ಷರ ಬಂತೆಂದರೆ ಮುಗ್ಗರಿಸುತ್ತಿದ್ದಳು.

“ಈ ಒತ್ತಕ್ಷರ ಯಾರು ಮಾಡಿದ್ದು ಅತ್ತೆ? ಒಂದು ಅಕ್ಷರದ ಕಾಲಿಗೆ ಇನ್ನೊಂದು ಜೋತುಬಿದ್ದಿದೆ.”

“ನೀನು ನನ್ನ ಕಾಲಿಗೆ ಜೋತುಬೀಳಲ್ವಾ? ಹಾಗೆ.”

“ಬೇಗ ಕಲೀತೀನಿ. ಅಮ್ಮ ಬಂದಾಗ ನಾನೇ ಅವಳಿಗೆ ಓದಿ ಹೇಳ್ತೀನಿ. ಅವಳು ಮಲಗಿರ್ಬೇಕಲ್ಲ, ಬೇಜಾರಾಗುತ್ತೆ.”

ಯಂತ್ರದ ಮುಂದೆ ಕೂತಿದ್ದ ಅಜ್ಜಿಯ ಪೆಡಲು ನಿಂತಿತು. ಮಗು ತಾಯಿಯ ಮಾತೆತ್ತಿದಾಗಲೆಲ್ಲ ಹಾಗೇ. ಅವಳು ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಮಗು ಮಲಗಿದ ಮೇಲೆ ಸೊಸೆ ಗಂಡನ ಮುಂದೆ ಮಾತೆತ್ತಿದಳು. “ಇನ್ನು ನನ್ನ ಕೈಲಾಗಲ್ಲ ರೀ. ನೀವಾದ್ರೂ ಅಜ್ಜಿಗೆ ಹೇಳಿ.”

“ನಾನು ಹೇಳ್ಲಾ? ಅಮ್ಮನ ಮುಂದೆ ನಾನು ಯಾವತ್ತು ಗೆದ್ದಿದೀನಿ?” ಎಂದು ಅವನು ನಗಲು ನೋಡಿದ, ನಗು ಬರಲಿಲ್ಲ. “ಸ್ವಲ್ಪ ದಿನ ಹೋಗ್ಲಿ. ಅವಳ ಅಪ್ಪ ರಜಕ್ಕೆ ಬರ್ತಾನೆ, ಅವನೇ ಹೇಳ್ಲಿ.”

“ಅವನನ್ನ ಕೇಳಿದ್ರೆ ನೀವೇ ಹೇಳಿ ಅಂತಾನೆ. ನೀವು ಅವನು ಅಂತೀರಿ. ಬಿಸಿತುಪ್ಪ ಮಾತ್ರ ನನ್ನ ಬಾಯಲ್ಲಿ.”

ಇದು ಹೀಗೇ ಎಳೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಸೊಸೆಯ ಕಥೆ ಓದುವ ಪರೀಕ್ಷೆ ಬಂತು.

ಶನಿವಾರ ಮಧ್ಯಾಹ್ನ ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಕಥೆ ಓದುವ ವಾಡಿಕೆ. ಕಲಿಯಲು ಬಂದವರು ಸರದಿಯ ಮೇಲೆ ಓದಬೇಕು, ವಿಭಾಗದ ಮೇಡಂ ಹಿಂದೆ ನಿಂತು ಅಂಕ ಹಾಕುತ್ತಾರೆ. ಆ ದಿನ ಅಜ್ಜಿಗೆ ದಿಂಬಿನ ಚೀಲ ತಲುಪಿಸಲು ಅಂಗಡಿಗೆ ಹೋಗಬೇಕಿತ್ತು, ಗಂಡನಿಗೆ ರಜೆಯಿರಲಿಲ್ಲ. ಮಿಡತೆ ಸೊಸೆಯ ಜೊತೆ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಹೋಗಿ ಕೂತು, ಪಕ್ಕದವಳಿಗೆ, “ಓದೋರು ನಮ್ಮತ್ತೆ” ಎಂದಳು.

ಸೊಸೆ ರೈಲಿನ ಪುಸ್ತಕ ಓದಬೇಕೆಂದುಕೊಂಡಿದ್ದಳು. ಮೇಡಂ ಬೇರೊಂದನ್ನು ಕೈಗಿತ್ತರು.

“ರೈಲಿಂದು ಬೈಂಡಿಂಗಿಗೆ ಹೋಗಿದೆ. ಇದು ಓದಿ, ನೀರುನಾಯಿ ಮರಿ ಕಥೆ. ಇಂಥ ಪುಸ್ತಕದ ಪರವಾಗಿ ನೀವೇ ಕ್ಲಾಸಲ್ಲಿ ಚೆನ್ನಾಗಿ ಮಾತಾಡಿದ್ರಂತೆ, ಮೇಷ್ಟ್ರು ಹೇಳಿದ್ರು.”

ಸೊಸೆಗೆ ಆ ಪುಸ್ತಕ ಗೊತ್ತಿತ್ತು. ಮಿಡತೆಗೆಂದು ಆರಿಸುವಾಗ ಎರಡು ಸಲ ಪಕ್ಕಕ್ಕಿಟ್ಟಿದ್ದಳು. ಬೇಡವೆನ್ನಲು ಬಾಯಿ ತೆರೆದಳು; ಮಕ್ಕಳು ಅಷ್ಟರಲ್ಲೇ ಸದ್ದು ನಿಲ್ಲಿಸಿ ಅವಳ ಕಡೆ ನೋಡುತ್ತಿದ್ದರು. ಕೂತಳು.

ಮಕ್ಕಳಿಗೆ ಓದುವಾಗ ಪುಸ್ತಕವನ್ನು ಅವರ ಕಡೆ ತಿರುಗಿಸಿ ಹಿಡಿದು, ಓದುವವರು ಪಕ್ಕದಿಂದ ಕತ್ತು ಹೊರಳಿಸಿ ಓದಬೇಕು. ಸೊಸೆ ಹಾಗೇ ಓದಿದಳು. ನದಿಯ ದಡದಲ್ಲಿ ಒಂದು ಮರಿ. ತಾಯಿ ಮೀನು ತರಲು ಹೋಗಿದೆ. ಕತ್ತಲಾಯಿತು. ತಾತ ನೀರುನಾಯಿ ಬಂದು ಪಕ್ಕದಲ್ಲಿ ಕೂತಿತು. ಬೆಳಗಾಯಿತು. ಮರಿ ಕಾಯಿತು. ಮಿಡತೆ ಮೊಣಕಾಲಿನ ಮೇಲೆ ಗಲ್ಲವಿಟ್ಟು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸೊಸೆ ಪುಟ ತಿರುವಿದಳು. ಖಾಲಿ ನದಿಯ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ಎರಡೇ ಪದ.

“ಅಮ್ಮ ಬಂದಳು” ಎಂದು ಓದಿ ಸೊಸೆ ಪುಸ್ತಕ ಮುಚ್ಚಿದಳು. “ಕಥೆ ಮುಗೀತು.”

“ಮುಗಿದಿಲ್ಲ!” ಎಂದಳು ಕನ್ನಡಕ ಹಾಕಿದ್ದ ಒಬ್ಬ ಹುಡುಗಿ. “ಇನ್ನೂ ಎರಡು ಪುಟ ಇದೆ. ನಾನು ಮನೆಗೆ ತಗೊಂಡುಹೋಗಿ ಓದಿದೀನಿ. ಅದರಮ್ಮ ಬರೋದೇ ಇಲ್ಲ.”

“ಹೌದು, ಬರಲ್ಲ! ಸತ್ತುಹೋಗುತ್ತೆ!” ಎಂದರು ಇನ್ನಿಬ್ಬರು. ಚಾಪೆಯ ತುಂಬ ಗದ್ದಲವೆದ್ದಿತು. ಕನ್ನಡಕದ ಹುಡುಗಿ ಎದ್ದು ಬಂದು ಸೊಸೆಯ ಮಡಿಲಿಂದ ಪುಸ್ತಕ ತೆಗೆದು, ಆ ಪುಟ ಬಿಡಿಸಿ ಚಾಪೆಯ ಮೇಲಿಟ್ಟಳು. ಎಲ್ಲರ ತಲೆಗಳೂ ಬಗ್ಗಿದವು. ಮಿಡತೆ ಅವರ ನಡುವೆ ನುಗ್ಗಿ ಅಕ್ಷರದ ಕೆಳಗೆ ಬೆರಳಿಟ್ಟಳು.

“ಅ... ಮ್ಮ. ಬ... ರ... ಲಿ... ಲ್ಲ.”

ಒತ್ತಕ್ಷರಕ್ಕೆ ಮುಗ್ಗರಿಸುತ್ತಿದ್ದ ಹುಡುಗಿ ಆವತ್ತು ಮುಗ್ಗರಿಸಲಿಲ್ಲ. ತಲೆಯೆತ್ತಿ, “ಬರಲಿಲ್ಲ ಅಂತಿದೆ ಅತ್ತೆ” ಎಂದಳು.

ಮೇಡಂ ಮುಂದೆ ಬಂದು, ಪುಸ್ತಕ ಎತ್ತಿಕೊಂಡು, ಉಳಿದ ಎರಡು ಪುಟಗಳನ್ನು ತಾವೇ ಓದಿ ಮುಗಿಸಿದರು.

ಮಕ್ಕಳೆಲ್ಲ ಹೋದ ಮೇಲೆ ಮೇಡಂ ಹರಿದ ಪುಸ್ತಕಗಳಿಗೆ ಟೇಪು ಹಚ್ಚುವ ಮೇಜಿನ ಹತ್ತಿರ ಸೊಸೆಯನ್ನು ಕರೆದರು. ದನಿ ಏರಿಸಲಿಲ್ಲ.

“ಓದೋಕೆ ಬಾರದ ಮಗು ನಮ್ಮ ಬಾಯನ್ನ ನಂಬಿ ಕೂತಿರುತ್ತೆ. ಈ ಪುಸ್ತಕ ನನಗೆ ಬೇಡ ಅಂದಿದ್ರೆ ನಾನು ಬೇರೆ ಕೊಡ್ತಿದ್ದೆ. ಪುಸ್ತಕ ಬಿಚ್ಚಿಟ್ಟುಕೊಂಡು ಅದರಲ್ಲಿ ಇಲ್ಲದ್ದನ್ನ ಓದೋದು ಅಂದ್ರೇನು? ಇದಕ್ಕೆ ಅಂಕ ಕೊಡೋಕಾಗಲ್ಲಮ್ಮ. ಮುಂದಿನ ತಿಂಗಳು ಇನ್ನೊಮ್ಮೆ ಓದಿ.”

ಸೊಸೆ ಕಾರಣ ಹೇಳಲಿಲ್ಲ. ಮಿಡತೆ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದಳು. ದಾರಿಯುದ್ದಕ್ಕೂ ಪಾದಚಾರಿ ಹಾದಿಯ ಕಲ್ಲುಗಳ ಮೇಲೆ ಕುಪ್ಪಳಿಸುತ್ತ ಬರುವ ಹುಡುಗಿ ಆವತ್ತು ದೊಡ್ಡವರ ಹಾಗೆ ನೆಟ್ಟಗೆ ನಡೆದಳು.

ಆ ಸಂಜೆ ಊಟಕ್ಕೆ ಕೂತಾಗ ಅವಳು ಅಜ್ಜಿಯನ್ನು ಕೇಳಿದಳು. “ಅಜ್ಜಿ, ಅಮ್ಮನ ಆಸ್ಪತ್ರೆ ಕಿಟಕೀಲಿ ಏನು ಕಾಣುತ್ತೆ?”

“ಸಮುದ್ರ ಕಾಣುತ್ತೆ. ಅನ್ನ ತಿನ್ನು.”

ಮರುದಿನ ಬೆಳಿಗ್ಗೆ ಮಾಮ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಅದನ್ನೇ ಅವನಿಗೂ ಕೇಳಿದಳು. “ಗುಡ್ಡ ಇದೆ ಕಣೇ. ದೊಡ್ಡ ಗುಡ್ಡ” ಎಂದ ಅವನು, ಸೋಪಿನ ನೊರೆಯ ನಡುವಿನಿಂದ.

“ಓ” ಎಂದಳು ಮಿಡತೆ. ಇನ್ನೇನೂ ಕೇಳಲಿಲ್ಲ. ಸೊಸೆಯನ್ನಂತೂ ಕೇಳಲೇ ಇಲ್ಲ.

ಲೈಬ್ರರಿಯಲ್ಲಿ ನಡೆದದ್ದು ಅಜ್ಜಿಯ ಕಿವಿಗೆ ಬೀಳಲು ತಡವಾಗಲಿಲ್ಲ, ಸೊಸೆಯೇ ಹೇಳಿದಳು. ಅಜ್ಜಿ ಕತ್ತರಿಯನ್ನು ಬಟ್ಟೆಯ ಮೇಲೆ ಎಸೆದಳು.

“ಎಷ್ಟು ಸಲ ಬಡ್ಕೊಂಡೆ, ಅವಳನ್ನ ಆ ಪುಸ್ತಕದ ಗೋಡೌನಿಗೆ ಕರ್ಕೊಂಡುಹೋಗ್ಬೇಡ ಅಂತ? ಊರ ಮಕ್ಕಳಿಗೆಲ್ಲ ನೀನು ಬುದ್ಧಿ ಹೇಳೋಳು. ಮನೆಗೆ ಮಾರಿ, ಊರಿಗೆ ಉಪಕಾರಿ!”

“ನಾನು ಹೇಳ್ಬಾರದು ಅಂತಲೇ ಸುಳ್ಳು ಓದಿದೆ ಅಜ್ಜಿ! ನಿಮ್ಮ ಮಾತು ಉಳಿಸೋಕೆ ಹೋಗಿ ಅಷ್ಟು ಮಕ್ಕಳ ಮುಂದೆ ಕಳ್ಳಿ ಆದೆ.”

“ಯಾರು ಓದು ಅಂದಿದ್ದು? ಯಾರು ಈ ಓದು ಓದು ಅಂದಿದ್ದು?”

“ಅಮ್ಮಾ, ಸಾಕು” ಎಂದ ಗಂಡ.

“ನೀನು ಸುಮ್ನಿರೋ! ಸಮುದ್ರ ಇದ್ದ ಕಡೆ ಗುಡ್ಡ ತಂದು ನಿಲ್ಲಿಸಿದೋನು.”

ಬೇರೆ ದಿನವಾಗಿದ್ದರೆ ಮೂವರೂ ನಕ್ಕುಬಿಡುತ್ತಿದ್ದರು. ಸೊಸೆ ಕೈಯಲ್ಲಿದ್ದ ಬಟಾಣಿ ಬುಟ್ಟಿಯನ್ನು ಕೆಳಗಿಟ್ಟಳು.

“ಅಜ್ಜಿ, ಅವಳಿಗೆ ಹೇಳೋ ಹಕ್ಕು ನಿಮ್ಮದು. ನಿಮ್ಮನ್ನ ದಾಟಿ ನಾನು ಹೇಳಲ್ಲ. ಆದ್ರೆ ಇನ್ಮೇಲೆ ಸುಳ್ಳೂ ಹೇಳಲ್ಲ. ನನ್ನ ಕೇಳಿದ್ರೆ, ಅಜ್ಜಿಯನ್ನ ಕೇಳು ಅಂತೀನಿ.”

ಅಜ್ಜಿ ಬಾಗಿಲ ಕಡೆ ನೋಡಿ, ಮಗು ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು.

“ನಿನಗೆ ಗೊತ್ತಾಗಲ್ಲಮ್ಮ. ಈ ಮನೇಲಿ ನಾವೆಲ್ಲ ಅವಳು ‘ಇದ್ದಳು’ ಅಂತೀವಿ. ಆ ಮಗು ಒಂದೇ ‘ಇದ್ದಾಳೆ’ ಅನ್ನೋದು. ಅಮ್ಮ ಬರ್ತಾಳೆ, ಅಮ್ಮ ಓದಿಸ್ಕೋತಾಳೆ, ಅಮ್ಮ ಬೈತಾಳೆ... ಅವಳ ಬಾಯಲ್ಲಿ ನನ್ನ ಮಗಳು ಇನ್ನೂ ಓಡಾಡ್ಕೊಂಡಿದಾಳೆ. ಅದನ್ನ ನನ್ನ ಕೈಯಾರೆ ನಿಲ್ಲಿಸು ಅಂತೀಯಾ?”

ಸೊಸೆ ಬಟಾಣಿ ಬುಟ್ಟಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

ಆದರೆ ನಿಲ್ಲಿಸಿದ್ದು ಮಗುವೇ. ಆ ಶನಿವಾರದಿಂದ ಮಿಡತೆಯ ಬಾಯಲ್ಲಿ ಅಮ್ಮ ಎಂಬ ಮಾತು ಬರಲಿಲ್ಲ. ಮೊದಮೊದಲು ಮನೆಯವರಿಗೆ ಸಮಾಧಾನವೇ ಆಯಿತು. ವಾರ ಕಳೆಯಿತು, ಇನ್ನೊಂದು ಕಳೆಯಿತು. ಶಾಲೆಯಿಂದ ಬರುವಳು, ಚೀಲ ಇಡುವಳು, ಹಾಲು ಕುಡಿಯುವಳು. ಅಕ್ಷರ ಕೂಡಿಸಲು ಕರೆದರೆ “ಹೊಟ್ಟೆನೋವು” ಎನ್ನುವಳು. ಹಡಗಿನಿಂದ ಅಪ್ಪನ ಫೋನು ಬಂದಾಗ, “ಊಟ ಆಯ್ತಾ? ನಂದೂ ಆಯ್ತು. ಮಾಮನಿಗೆ ಕೊಡ್ತೀನಿ” ಎಂದು ಫೋನು ದಾಟಿಸಿದಳು. ಆ ಕಡೆ ಅವನು, “ಅಮ್ಮನ ವಿಷಯ ಏನೂ ಕೇಳ್ಲಿಲ್ಲ, ಒಳ್ಳೇದಾಯ್ತು” ಎಂದದ್ದು ಎಲ್ಲರಿಗೂ ಕೇಳಿಸಿತು. ಯಾರಿಗೂ ಒಳ್ಳೆಯದಾಯಿತು ಎನ್ನಿಸಲಿಲ್ಲ.

ಅಜ್ಜಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಟು ನಿಂತಾಗ ಅವಳೇ ಮಗುವಿನ ಭುಜ ಮುಟ್ಟಿ, “ಮಾಮ ಹೊರಟ ನೋಡು. ಅಮ್ಮನಿಗೆ ಏನಾದ್ರೂ ಹೇಳ್ಬೇಕೇನೇ?” ಎಂದಳು.

ಮಿಡತೆ ಬ್ರೆಡ್ಡಿನ ಅಂಚು ಕೀಳುತ್ತಿದ್ದಳು. ಅಜ್ಜಿಯ ಮುಖ ನೋಡಲಿಲ್ಲ.

“ಬೇಡ” ಎಂದಳು.

ಆ ದಿನವಿಡೀ ಹೊಲಿಗೆ ಯಂತ್ರ ಸದ್ದು ಮಾಡಲಿಲ್ಲ.

ಮರುದಿನ ಭಾನುವಾರ. ಅಜ್ಜಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಮಗುವಿನ ತಲೆ ಬಾಚುತ್ತಿದ್ದಳು. ಗಂಡ ಬಚ್ಚಲಿನ ನಲ್ಲಿ ಸರಿಮಾಡುತ್ತಿದ್ದ, ಸೊಸೆ ಬಟ್ಟೆ ಹರವುತ್ತಿದ್ದಳು. ಬಾಚಣಿಗೆ ನಿಂತಿತು.

“ನಿಮ್ಮಮ್ಮ ಸತ್ತುಹೋದ್ಲು ಕಣೇ” ಎಂದಳು ಅಜ್ಜಿ.

ಸುತ್ತಿಲ್ಲ, ಬಳಸಿಲ್ಲ. ಸೊಸೆಯ ಕೈಯಿಂದ ಒದ್ದೆ ಟವೆಲು ಜಾರಿ ಮಣ್ಣಿಗೆ ಬಿತ್ತು.

“ಯಾವಾಗ?” ಎಂದಿತು ಮಗು.

“ಬೇಸಿಗೇಲಿ.”

“ನನ್ನ ಹಲ್ಲು ಬಿತ್ತಲ್ಲ?”

“ಅದಕ್ಕೂ ಮುಂಚೆ.”

ಮಿಡತೆ ಅರ್ಧ ಜಡೆಯಲ್ಲೇ ಎದ್ದು ಬಚ್ಚಲ ಬಾಗಿಲಿಗೆ ಹೋದಳು. “ಮತ್ತೆ ನಕ್ಕಳು ಅಂದೆ ಮಾಮ? ಯಾರು ನಕ್ಕಿದ್ದು?”

ಗಂಡ ಸ್ಪ್ಯಾನರು ಹಿಡಿದುಕೊಂಡೇ ಒದ್ದೆ ನೆಲದ ಮೇಲೆ ಕೂತ. “ಯಾರೂ ಇಲ್ಲ ಪುಟ್ಟಿ” ಎಂದ.

ಮಗು ಹಿತ್ತಲಿಗೆ ತಿರುಗಿತು. “ಅತ್ತೆ, ನಿನಗೂ ಗೊತ್ತಿತ್ತಾ?”

“ಗೊತ್ತಿತ್ತು.”

“ಇವ್ರು ಬಾಯಲ್ಲಿ ಸುಳ್ಳು ಹೇಳಿದ್ರು. ನೀನು ಪುಸ್ತಕದಲ್ಲಿ ಬರೆದಿದ್ದನ್ನೂ ಸುಳ್ಳು ಓದಿದೆ.”

ಆಮೇಲೆ ಅವಳು ಓಡಿಹೋಗಿ ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸಿ, ಮೈಯೆಲ್ಲ ನಡುಗುವಂತೆ ಅತ್ತಳು. ಮಗಳು ಹೋದಂದಿನಿಂದ ಮಗುವಿನ ಎದುರಿಗೆ ಒಂದು ಹನಿ ಉದುರಿಸದಿದ್ದ ಮುದುಕಿ ಆವತ್ತು ಬಾಯಿಬಿಟ್ಟು ಅತ್ತಳು. ಮಧ್ಯಾಹ್ನ ಯಾರೂ ಒಲೆ ಹಚ್ಚಲಿಲ್ಲ.

ಅಂದಿನಿಂದ ಮಿಡತೆ ಅಜ್ಜಿಯ ಜೊತೆ ಮಲಗುತ್ತಿದ್ದಳು. ಮಾಮನನ್ನು ಕೆಲವು ದಿನ ಕಾಡಿಸಿ ಕ್ಷಮಿಸಿದಳು. ಸೊಸೆಯ ಜೊತೆ ಮಾತ್ರ ಮಾತಿಲ್ಲ. ಊಟಕ್ಕೆ ಕೂರುವಾಗ ತಟ್ಟೆಯನ್ನು ಆಚೆ ಬದಿಗೆ ಎಳೆದುಕೊಳ್ಳುವಳು. ನೀರು ಬೇಕಿದ್ದರೆ, “ಅಜ್ಜಿ, ನೀರು ಕೊಡು ಅಂತ ಹೇಳು” ಎನ್ನುವಳು. ಸೊಸೆ ಎರಡಡಿ ದೂರದಲ್ಲಿ ಹೂಜಿ ಹಿಡಿದುಕೊಂಡೇ ನಿಂತಿರುತ್ತಿದ್ದಳು. ಹೇಳಬೇಕೆಂದು ಹೋರಾಡಿದವಳು ತಾನು, ಹಗೆಯಾದವಳೂ ತಾನೇ ಎಂದು ಒಮ್ಮೆ ಗಂಡನ ಮುಂದೆ ಅತ್ತಳು.

“ಅವಳ ಜೊತೆ ಕೂತು ಓದ್ತಿದ್ದವಳು ನೀನೊಬ್ಳೇ ಅಲ್ವೇನೇ” ಎಂದ ಅವನು. “ನಮ್ಮನ್ನೆಲ್ಲ ಅವಳು ಅಷ್ಟು ನಂಬಿರಲಿಲ್ಲ.”

ಸೊಸೆ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನಿಕರ ತೋರಿಸಲಿಲ್ಲ. “ಮೊದಲೇ ಹೇಳಿದ್ರೆ ಆವತ್ತು ನಾನೇ ಓದ್ತಿದ್ದೆ” ಎಂದರು. ಆಮೇಲೆ ಟೇಪಿನ ಸುರುಳಿಯನ್ನು ಅವಳ ಮುಂದೆ ತಳ್ಳಿ, “ಕೂತ್ಕೊಳ್ಳಿ, ಇವತ್ತು ಹರಿದಿರೋದು ಬಹಳ ಇದೆ” ಎಂದರು. ಮುಂದಿನ ತಿಂಗಳು ಅವಳು ಇನ್ನೊಂದು ಪುಸ್ತಕ ಓದಿದಳು, ಒಂದಕ್ಷರ ಆಚೀಚೆ ಮಾಡದೆ.

“ಪಾಸಾದ್ಯಾ?” ಎಂದಳು ಅಜ್ಜಿ.

“ಆದೆ.”

“ಸರಿ. ಈರುಳ್ಳಿ ಹೆಚ್ಚು.” ಸ್ವಲ್ಪ ತಡೆದು, “ಕಣ್ಣಲ್ಲಿ ನೀರು ಬಂದ್ರೆ ಈರುಳ್ಳಿಗೆ ಬಂತು ಅನ್ಕೊಳ್ಳೋಣ” ಎಂದಳು.

ಹೀಗೇ ಚಳಿ ಬಂತು. ಒಂದು ಸಂಜೆ ಸೊಸೆ ಅಡುಗೆಮನೆಯ ನೆಲದ ಮೇಲೆ ಕೂತು ಕ್ಯಾರೆಟ್ಟಿನ ಸಿಪ್ಪೆ ತೆಗೆಯುತ್ತಿದ್ದಳು, ಅಜ್ಜಿ ಒಲೆಯ ಹತ್ತಿರ ನಿಂತಿದ್ದಳು. ಮಿಡತೆ ಬಂದು ಬಾಗಿಲ ಚೌಕಟ್ಟಿಗೆ ಒರಗಿದಳು.

“ಒಂದು ಕೇಳ್ತೀನಿ” ಎಂದಳು, ಸೊಸೆಯನ್ನೇ ನೋಡುತ್ತ. “ಸುಳ್ಳು ಹೇಳ್ಬಾರ್ದು.”

“ಹೇಳಲ್ಲ.”

“ನೀನೂ ಸಾಯ್ತೀಯಾ?”

ಒಲೆಯ ಬಳಿ ಸೌಟು ನಿಂತಿತು. ಅಜ್ಜಿ ಏನೋ ಹೇಳಲು ತಿರುಗಿದವಳು ತಡೆದುಕೊಂಡಳು.

“ಹ್ಞೂಂ. ಒಂದು ದಿನ” ಎಂದಳು ಸೊಸೆ.

“ಅಜ್ಜಿ?”

“ನಾನೂ ಕಣೇ. ಸರದೀಲಿ ನಾನೇ ಮುಂದೆ ನಿಂತಿದೀನಿ.”

“ಮಾಮ?”

“ಅವರೂ.”

“ನಾಳೆನಾ?”

ಇಲ್ಲ ಎಂಬ ಮಾತು ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ನಾಳೆ ಇರಲಾರದು ಅಂದ್ಕೊಂಡಿದೀನಿ. ಯಾರಿಗೂ ಕಾಯಿಲೆ ಇಲ್ಲ. ಆದ್ರೆ ಖಂಡಿತ ಹೇಳೋಕೆ ನನಗೂ ಗೊತ್ತಿಲ್ಲ.”

ಮಿಡತೆ ಆ ಉತ್ತರದ ಬಗ್ಗೆ ಮುಖ ಗಂಟಿಕ್ಕಿಕೊಂಡು ಯೋಚಿಸಿದಳು. ಆಮೇಲೆ ಬಂದು ಸೊಸೆಯ ಪಕ್ಕದಲ್ಲಿ ಕೂತು, ರಾಶಿಯಿಂದ ಒಂದು ಕ್ಯಾರೆಟ್ಟು ತೆಗೆದು ಕಚ್ಚಿದಳು.

“ಹಾಗಾದ್ರೆ ನಾಳೆ ನನ್ನ ಲೈಬ್ರರಿಗೆ ಕರ್ಕೊಂಡು ಹೋಗು” ಎಂದಳು. “ಪುಸ್ತಕ ನಾನೇ ಆರಿಸ್ತೀನಿ. ನೀನು ಮುಟ್ಟಬಾರದು.”

“ಮುಟ್ಟಲ್ಲ” ಎಂದಳು ಸೊಸೆ.